ಹದಿನೇಳು ಸೆಕೆಂಡು

ವಿಜ್ಞಾನದ ಪಾಠ ಓದಲು ಎದ್ದ ಮುಬೀನಾ
‘ಬಾಷ್ಪೀಭವನ’ದ ಹೊಸ್ತಿಲಲ್ಲಿ ಎಡವಿದಳು.
ಬಾ… ಬಾ… ಬಾ…
‘ಬಂದ್ವಿ, ಬಂದ್ವಿ’ ಅಂದಿತು ಹಿಂದಿನ ಬೆಂಚು.
ಡೆಸ್ಕಿನಡಿ ತಿಪ್ಪೇಶನ ಮೊಬೈಲು
ಕಿವಿ ತೆರೆದು ಕೂತಿತ್ತು.

ಸಂಜೆಗೆ ಹತ್ತನೇ ‘ಬಿ’ ಗ್ರೂಪಿನಲ್ಲಿ ಹದಿನೇಳು ಸೆಕೆಂಡು,
ರಾತ್ರಿಗೆ ಟ್ಯೂಷನ್ ಗ್ರೂಪಿನಲ್ಲಿ,
ಮರುದಿನ ಯಾರದೋ ಅಣ್ಣನ ರಿಂಗ್‌ಟೋನು.
ಕಣ್ಣೀರು ಬರುವಷ್ಟು ನಗುವ ಆ ಹಳದಿ ಮುಖವನ್ನು
ನಾನೂ ಒತ್ತಿದ್ದೆ.
ಒಂದಲ್ಲ, ಮೂರು.

ಸೋಮವಾರ ಬರಲಿಲ್ಲ, ಮಂಗಳವಾರವೂ.
ಬುಧವಾರ ಹಾಜರಿ ಕೂಗುತ್ತ ಮೇಡಂ
ಅವಳ ಹೆಸರಿನ ಮೇಲೆ ಪೆನ್ನು ಊರಿ ನಿಂತರು.
ಆ ಮೌನ ಹದಿನೇಳು ಸೆಕೆಂಡಿಗಿಂತ ಉದ್ದ ಇತ್ತು.

ನೋಟ್ಸು ಕೊಡುವ ನೆಪ ಹಿಡಿದು ಬಾಷಾ ನಗರಕ್ಕೆ ಹೋದೆ.
ದಾವಣಗೆರೆಯ ಆ ಗಲ್ಲಿಯನ್ನು ಭಟ್ಟಿಯ ಹೊಗೆ ನುಂಗಿತ್ತು.
ಸೈಕಲ್ಲಿನ ಮೇಲೆ ಮನೆಯೆತ್ತರದ ಚೀಲ,
ತೂಕ ಮಾತ್ರ ಗಾಳಿಯದು.
ಒಲೆಯ ಮುಂದೆ ಅವಳಮ್ಮ.
ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ಚಟಪಟ, ಬಿಳಿ ಮಂಡಕ್ಕಿ.
ನನಗೆ ಥಟ್ಟನೆ ಭಾಷಣ ಹೊಳೆಯಿತು:
‘ನೋಡು ಮುಬೀನಾ, ಬೆಂಕಿಗೆ ಬಿದ್ದದ್ದೇ ಅರಳೋದು…’

ಅವಳಮ್ಮ ಜರಡಿ ಆಡಿಸುತ್ತಲೇ ನಕ್ಕರು.
‘ಬೆಂಕಿಗೆ ಬಿದ್ರೆ ಸುಡ್ತೈತೆ ಬೇಟಿ, ಅಷ್ಟೇ.
ನಿನ್ನೆ ಉಪ್ಪುನೀರು ಹಾಕಿ, ಕೈಯಾಗೆ ತಿಕ್ಕಿ,
ಹದ ನೋಡಿ ಇಟ್ಟಿದ್ದಕ್ಕೆ ಅರಳ್ತೈತೆ.
ಬರೀ ಅಕ್ಕಿ ಹಾಕು, ನೋಡು, ಕರೇ ಕಲ್ಲು.’

ಮುಬೀನಾ ಚೀಲದ ಬಾಯಿ ಹೊಲಿಯುತ್ತಿದ್ದಳು.
ದಬ್ಬಳ ಕೆಳಗಿಟ್ಟು, ನನ್ನ ಫೋನು ತಗೊಂಡು
ತಾನೇ ಒತ್ತಿ ಕೇಳಿಸಿದಳು.
ಬಾ… ಬಾ… ಬಾ… ಕಟ್.
‘ನಲವತ್ತು ಸಲ ಕೇಳೀನಿ.
ಆಮೇಲಿಂದು ಇ… ಇಲ್ಲ ಇದರಾಗೆ.
ಆ ಪದ ನಾನು ಪೂ… ಪೂರ್ತಿ ಹೇಳಿದ್ದೆ ಅವತ್ತು.
ನಿಂಗೆ ನೆನಪೈತಾ?’

ನೆನಪಿರಲಿಲ್ಲ. ಅಷ್ಟೊತ್ತಿಗೆ ನಾವೆಲ್ಲ ನಗುತ್ತಿದ್ದೆವು.
ಕ್ಷಮಿಸು ಅನ್ನಲು ಹೋದ ನನ್ನ ನಾಲಿಗೆ
ಕ್ಷ… ಎಂದು ಸಿಕ್ಕಿಕೊಂಡಿತು.
ಅವಳು ಕಾದಳು.
ಮುಂದಿನ ಅಕ್ಷರ ತಾನು ಎತ್ತಿಕೊಡಲಿಲ್ಲ, ಅವಸರಿಸಲಿಲ್ಲ,
ಸುಮ್ಮನೆ ಕಾದಳು.

ಶುಕ್ರವಾರ ಬಂದಳು.
ಮೇಡಂ ಮುಂದೆ ನಿಂತು ಎಲ್ಲ ಹೇಳಿದಳು, ತನ್ನದೇ ವೇಗದಲ್ಲಿ.
ನನ್ನ ಮೂರು ಹಳದಿ ಮುಖಗಳ ಲೆಕ್ಕ ನಾನೇ ಒಪ್ಪಿಸಿದೆ.
ಆ ರಿಂಗ್‌ಟೋನು ಇನ್ನೂ ಎಲ್ಲೋ
ಯಾರದೋ ಜೇಬಿನಲ್ಲಿ ಬಡಿದುಕೊಳ್ಳುತ್ತಿರಬಹುದು.
ಓದೋದು ಯಾರು ಅಂದಾಗ ಅವಳ ಕೈ ಮೇಲಿತ್ತು.

ಬಾ…

ಹಿಂದೆ ಒಂದಿಬ್ಬರು ಕಿಸಕ್ಕೆಂದರು.
ಉಳಿದವರು ಕಾದೆವು.