ಬಣ್ಣ ಕಮ್ಮಿ

ಹುಡುಗಿ ಲಕ್ಷಣವಾಗವ್ಳೆ, ಅಂದರು.
ನಮ್ಮ ಕಡೆ ಆ ಮಾತು ಅಲ್ಲಿಗೇ ಮುಗಿಯುವುದಿಲ್ಲ.
ತುಡುಗು ದನಕ್ಕೆ ಕೊರಡು ಕಟ್ಟಿದ ಹಾಗೆ
ಅದರ ಕೊರಳಿಗೊಂದು ‘ಆದ್ರೆ’ ಕಟ್ಟಿರುತ್ತಾರೆ.
ಆದ್ರೆ, ಬಣ್ಣ ಸ್ವಲ್ಪ ಕಮ್ಮಿ.

ಕಮ್ಮಿ ಎಂದರೆ ಎಷ್ಟು?
ಅಪ್ಪ ಆಲೆಮನೆಯವನು,
ಕಮ್ಮಿ ಅಂದರೆ ತಕ್ಕಡಿಯ ಮುಳ್ಳು ನೋಡುವವನು,
ಅವನಿಗೂ ಆವತ್ತು ಬಾಯಿ ಬರಲಿಲ್ಲ.
ಉಪ್ಪಿಟ್ಟಿನ ತಟ್ಟೆ ಎತ್ತುತ್ತಾ ನಾನೇ ಲೆಕ್ಕ ಹಾಕಿದೆ:
ಸೀರೆಯ ಬಣ್ಣ ಕಮ್ಮಿಯಾದರೆ ಬೆಳ್ಳಗಾಗುತ್ತದೆ.
ನನ್ನದು ಮಾತ್ರ ಅದು ಹೇಗೆ
ಕಮ್ಮಿಯಾಗಿ ಕಪ್ಪಾಯಿತು?

ನಮ್ಮ ಆಲೆಮನೆ
ಕೆರಗೋಡಿನ ರಸ್ತೆಗೆ ಬೆನ್ನು ಹಾಕಿ ನಿಂತಿತ್ತು.
ಕೊಪ್ಪರಿಗೆ ಉಕ್ಕುವಾಗ ಅಪ್ಪ ಡಬ್ಬಿ ತೆಗೆಯುತ್ತಿದ್ದ,
ಬಿಳಿ ಪುಡಿ, ಬೆಂಕಿಕಡ್ಡಿ ಗೀರಿದ ವಾಸನೆ.
ಒಂದು ಹಿಡಿ ಬಿದ್ದದ್ದೇ ತಡ
ಕಂದು ಪಾಕ ಕೆಟ್ಟ ಸುದ್ದಿ ಕೇಳಿದವರ ಹಾಗೆ
ಬಿಳಿಚಿಕೊಳ್ಳುತ್ತಿತ್ತು.
"ಕರೀ ಬೆಲ್ಲಕ್ಕೆ ಮಂಡ್ಯ ಮಾರ್ಕೆಟ್ಟಲ್ಲಿ ಯಾರವ್ವ ರೇಟ್ ಕೊಟ್ಟಾರು?
ಬಾಯಿಗಿಂತ ಮೊದ್ಲು ಕಣ್ಣು ತಿಂತದೆ."
ಮನೆಗೆ ಮಾತ್ರ ಪುಡಿ ಹಾಕದ ಅಚ್ಚು,
ನನ್ನ ಮೊಣಕೈ ಬಣ್ಣದ್ದು.
ಹಬ್ಬದ ಒಬ್ಬಟ್ಟಿಗೂ, ಬಾಣಂತಿ ಖಾರಕ್ಕೂ ಅದೇ.

ನನಗೂ ಡಬ್ಬಿಗಳಿದ್ದವು.
ಸಾಕತ್ತೆ ತಂದುಕೊಟ್ಟ ಕ್ರೀಮಿನ ಟ್ಯೂಬು,
ಮೇಲೆ ಒಬ್ಬಳೇ ಹುಡುಗಿಯ ಆರು ಮುಖ.
ಮೊದಲನೆಯದು ಅಳುತ್ತಿತ್ತು,
ಆರನೆಯದಕ್ಕೆ ಕೆಲಸ ಸಿಕ್ಕಿತ್ತು.
ಸಾಲದ್ದಕ್ಕೆ ಗುತ್ತಲಿನ ಸ್ಟುಡಿಯೋದವನು
ಫೋಟೋದಲ್ಲಿ ನನ್ನನ್ನು ಎಷ್ಟು ತೊಳೆದನೆಂದರೆ
ಮೂಗುಬೊಟ್ಟು ಗಾಳಿಯಲ್ಲಿ ನಿಂತಿತ್ತು,
ಹಿಂದೆ ಮೂಗೇ ಇರಲಿಲ್ಲ.
ಅದನ್ನು ನೋಡಿ ಬಂದವರು ನನ್ನನ್ನು ನೋಡಿ,
ಇವಳ ಅಕ್ಕನೋ ತಂಗಿಯೋ ಒಳಗಿರಬೇಕೆಂದು
ಸ್ವಲ್ಪ ಹೊತ್ತು ಬಾಗಿಲನ್ನೇ ಕಾದರು.

ಮೈಸೂರಿನ ಬೋಗಾದಿಯವರು ಅವರು.
ಹೋಗುವಾಗ ಗಂಡಿನ ತಾಯಿ ಕಾರಿನ ಗಾಜು ಇಳಿಸಿ,
"ಪುಡಿ ಹಾಕದ ಕರೀ ಬೆಲ್ಲ ಇದ್ರೆ ಎರಡು ಕೆಜಿ ಕೊಡ್ತೀರಾ?
ನಮ್ಮನೆಯವ್ರಿಗೆ ರಕ್ತ ಕಮ್ಮಿ ಅಂತ ಡಾಕ್ಟ್ರು ಹೇಳಿದಾರೆ."
ಅಪ್ಪ ಕೊಟ್ಟ.
ದುಡ್ಡು ತೆಗೆದುಕೊಳ್ಳಲಿಲ್ಲ.
ನನಗೆ ಇಂದಿಗೂ ಸಿಟ್ಟು ಅದಕ್ಕೇ, ಮಿಕ್ಕಿದ್ದಕ್ಕಲ್ಲ.

ಅಜ್ಜಿಯ ಹೆಸರು ಕರಿಯಮ್ಮ.
ಯಾರೂ ಅದನ್ನು ಪಿಸುಗುಟ್ಟುತ್ತಿರಲಿಲ್ಲ,
ಗದ್ದೆ ಬದುವಿನಿಂದ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು,
ಅವಳು ‘ಓ’ ಅನ್ನುತ್ತಿದ್ದಳು, ಅಷ್ಟೆ.
ಹುಣಸೆಮರದ ಬುಡದ ದೇವರ ಕಲ್ಲಿಗೆ
ಎಣ್ಣೆ ಬಳಿದು ಬಳಿದು ಇನ್ನಷ್ಟು ಕಪ್ಪು ಮಾಡಿ
ಕಣ್ತುಂಬ ನೋಡಿ ಕೈಮುಗಿಯುತ್ತಿದ್ದಳು.
ನನ್ನ ಕೆನ್ನೆಗೆ ಅರಿಶಿನ ತಿಕ್ಕುತ್ತಾ ಅಂದವಳೂ ಅವಳೇ:
"ನನ್ನಂಗೆ ಆಗ್ಬೇಡ ಕಣ್ಮಗ."

ಈ ಸಲ ಮಾಘದಲ್ಲಿ ತಂಗಿಯ ಮಗಳು ಹೆತ್ತಳು.
ಮಂಡ್ಯದ ದೊಡ್ಡಾಸ್ಪತ್ರೆ, ಗೋಡೆ ಕಡೆಯ ಮಂಚ.
ಒಂಬತ್ತು ತಿಂಗಳು ಕೇಸರಿ ಹಾಲು ಕುಡಿಸಿದ ಬೀಗಿತ್ತಿ
ಬಟ್ಟೆ ಸರಿಸಿ ಮಗುವಿನ ಕಿವಿಯಂಚು ನೋಡಿದರು,
ಬಣ್ಣ ಮೊದಲು ಅಲ್ಲೇ ನಿಜ ಹೇಳುತ್ತದಂತೆ.
ನೋಡಿ, ಮಾತಾಡದೆ,
ಫ್ಲಾಸ್ಕಿನ ಮುಚ್ಚಳ ತಿರುವಿದರು.

ನಲವತ್ತೆಂಟು ನನಗೆ. ಇಷ್ಟೆಲ್ಲ ಬಲ್ಲವಳು.
ಮದುವೆಯಾಯಿತೋ ಇಲ್ಲವೋ ಅದು ಬೇರೆ ಮಾತು.
ಎತ್ತಿಕೊಂಡೆ. ಆಗತಾನೇ ಅಚ್ಚಿನಿಂದ ಕಳಚಿದ ಬೆಲ್ಲದಷ್ಟು ಬಿಸಿ.
ನೆತ್ತಿ ಮೂಸಿದೆ, ಬೆರಳು ಎಣಿಸಿದೆ,
ಆಮೇಲೆ, ಯಾರೂ ಇತ್ತ ನೋಡುತ್ತಿಲ್ಲ ಅಂತ ಗೊತ್ತಾದ ಮೇಲೆ,
ನಾನೂ ಕಿವಿ ನೋಡಿದೆ.

ಕಿವಿಯ ಹಿಂದೆ ಹಾಲು ಹರಿದು ಒಣಗಿತ್ತು.
ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ,
ಬಣ್ಣ ಹೋಗದಷ್ಟು ಮೆಲ್ಲಗೆ.