ಪಾಯಿಂಟು

ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು
ಗುಡಿಬಂಡೆ ಸುತ್ತಿನ ಹೊಲಗಳನ್ನೆಲ್ಲ ತುಳಿದವನು ಅಪ್ಪ.
ಕಾಯಿ ಎದ್ದು ನಿಂತ ಕಡೆ ಹಿಮ್ಮಡಿಯಿಂದ ಗೀರಿ
"ಇಲ್ಲಿ ಹೊಡೀರಿ" ಅನ್ನುತ್ತಿದ್ದ.
ಬಂದರೆ ಗಂಗಮ್ಮನ ದಯೆ,
ಬರದಿದ್ದರೆ ಗಂಗುಲಪ್ಪನ ತಪ್ಪು.
ನಮ್ಮ ಹೊಲದಲ್ಲೇ ಎರಡು ಸಲ ತಪ್ಪಿದ್ದ.

ರಾತ್ರಿಯಿಂದ ಅವನು ಜಗಲಿ ಮೇಲೆ,
ಕಾಲ್ಬೆರಳು ಕಟ್ಟಿಸಿಕೊಂಡು.

ಎಲ್ಲಿ ತೋಡೋದು? ಚಿಕ್ಕಪ್ಪ ಕೇಳಿದ.
ಹುಣಸೇಮರದ ಬುಡ ಅಂದರು ಯಾರೋ.
ಬೇರು ಬಿಡಲ್ಲ, ಅಂದ ಪಿಳ್ಳಪ್ಪ, ಹಾರೆ ಹೆಗಲಿಗಿಟ್ಟು.
ಬಂಡೆ ಮಗ್ಗುಲು?
ಎರಡಡಿಗೇ ಕಲ್ಲು.

ಅವ್ವ ಮಾತಾಡದೆ ಒಳಗೆ ಹೋಗಿ
ಕಾಯಿ ತಂದು ನನ್ನ ಕೈಗಿಟ್ಟಳು.
ಅವನ ಬೆವರಿಗೆ ಕಪ್ಪಾಗಿತ್ತು ಜುಟ್ಟು.

ಚಪ್ಪಲಿ ಬಿಟ್ಟು ನಡೆದೆ.
ಆ ಕೈ ನನಗೆ ಬಂದಿಲ್ಲ, ಎಲ್ಲರಿಗೂ ಗೊತ್ತು.
ಆದರೂ ಹುರುಳಿ ಕಿತ್ತ ಮೂಲೆಯಲ್ಲಿ
ಕಾಯಿ ಅಲುಗಿತು,
ಇಲ್ಲ, ಕೈಯೇ ನಡುಗಿತೋ.
"ಇಲ್ಲಿ ಬೇಡ" ಅಂದೆ, "ನೀರಿದೆ."
ಯಾರೂ ನಗಲಿಲ್ಲ.

ಆಯಸ್ಸೆಲ್ಲ ಒದ್ದೆ ಹುಡುಕಿದವನಿಗೆ
ಒಣಗಿದ ಆರಡಿ ಹುಡುಕುತ್ತ
ಬದು ದಾಟಿದೆ, ಹೊಂಗೆ ದಾಟಿದೆ,
ಅವನು ಹೊಡೆಸಿದ ಖಾಲಿ ಕೊಳವೆ,
ಅದರ ಬಾಯಿಗೆ ಅವನೇ ಮುಚ್ಚಿದ ಚಪ್ಪಡಿ, ಅದನ್ನೂ.
ಅದರಾಚೆ ಹತ್ತು ಹೆಜ್ಜೆಗೆ
ಕಾಯಿ ಮಲಗಿದ್ದು ಮಲಗಿಯೇ ಇತ್ತು.
ಹಿಮ್ಮಡಿಯಿಂದ ಗೀರಿದೆ.

ಕೆಮ್ಮಣ್ಣು. ಮೊರಂಬು. ಮತ್ತೆ ಕೆಮ್ಮಣ್ಣು.
ಐದನೇ ಅಡಿಗೆ ಪಿಳ್ಳಪ್ಪ ಹಾರೆ ನಿಲ್ಲಿಸಿ
ಒಂದು ಹಿಡಿ ಮೇಲಕ್ಕೆ ಚಾಚಿದ.
ಮುಚ್ಚಿದ ಮುಷ್ಟಿಯ ಗುರುತು
ಬೆರಳು ಬೆರಳಾಗಿ ಅದರಲ್ಲಿ ಉಳಿದಿತ್ತು.

ತಪ್ಪಿತು, ಅಂದೆ.

ಅವ್ವ ಮುಟ್ಟಿ ನೋಡಿದಳು.
"ಅಷ್ಟು ತಂಪು ಇರಲಿ ಬಿಡು" ಅಂದಳು,
"ಇಳಿಸಿ."