ಹಿಡಿ ಲೆಕ್ಕ

ಶನಿವಾರ ಅಂದ್ರೆ ಅರ್ಧ ದಿನದ ಇಸ್ಕೂಲು.
ಮಕ್ಕಳು ಉಂಡು ಎದ್ದಮೇಲೆ ಪಾತ್ರೆ ಬೋರಲು ಹಾಕಿ
ಬೀಗ ಜಡಿದು ನಾನು ಮನೆಗೆ.
ಕೊಣನೂರಲ್ಲಿ ಹದಿನಾಲ್ಕು ವರ್ಷ ಹಂಗೇ ನಡೀತು.

ಈ ಸಲ ಹೆಡ್‌ಮಿಸ್ಸು ಹೊಸದೊಂದು ತಂದ್ರು:
ಶನಿವಾರ ಮಧ್ಯಾಹ್ನ ಕೈಕಲಿಕೆ.
ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ, ಮಾರ್ಕ್ಸಂತೂ ಇಲ್ಲವೇ ಇಲ್ಲ.
"ಮತ್ಯಾಕೆ?" ಅಂದೆ.
"ಅದಕ್ಕೇ, ಪುಟ್ಟತಾಯಮ್ಮ" ಅಂತ ನಕ್ಕು
ಬೀಗದ ಕೈ ನನ್ನ ಸೆರಗಲ್ಲೇ ಬಿಟ್ರು.
ನಗೋರಿಗೇನು, ನಾಕು ಗಂಟೆ ತಂಕ ಕಾಯೋಳು ನಾನು.

ಕಲಿಸಕ್ಕೆ ಬಂದೋರು ಷಣ್ಮುಖಾಚಾರ್ರು.
ಬಸ್‌ಸ್ಟ್ಯಾಂಡ್ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೋರು,
ಜನ ರೇಡಿಯೋ ಬಿಟ್ಟಮೇಲೆ ಬಾಗಿಲು ಎಳಕೊಂಡೋರು.
ಗೋಣಿಚೀಲ ತಂದು ಜಗಲಿ ಮೇಲೆ ಸುರಿಯೋರು:
ತಿರುಗದ ಫ್ಯಾನು, ಕೂಗದ ಕಾಲಿಂಗ್‌ಬೆಲ್ಲು,
ಯಾರೋ ಗೋಡೆಗೆಸೆದ ರಿಮೋಟು.
"ಬಿಚ್ಚಿ" ಅನ್ನೋರು. ಅಷ್ಟೇ ಪಾಠ.
ಗುಡಿಸೋವಾಗ ನನ್ನ ಪೊರಕೆಗೆ ವಾರವೆಲ್ಲ ಸ್ಕ್ರೂ.

ಗಗನ ಅಂತೊಬ್ಬ. ಹನ್ನೆರಡರ ಮಗ್ಗಿಗೆ ತೊದಲ್ತಾನೆ.
ಅವನೇ ಒಂದಿನ ಜೇಡ ಕಟ್ಟಿದ ಪೆಟ್ಟಿಗೆಯೊಳಗಿಂದ
ಹಾಸನ ಆಕಾಶವಾಣಿ ಎಬ್ಬಿಸಿಬಿಟ್ಟ.
ಆಲೂಗೆಡ್ಡೆ ಕ್ವಿಂಟಾಲಿಗೆ ಎಷ್ಟು, ಶುಂಠಿಗೆ ಎಷ್ಟು.
ಸೌಟು ಹಿಡಕೊಂಡೇ ನಿಂತು ಕೇಳಿದೆ.
ನನ್ನತ್ರ ಮಾರಕ್ಕೆ ಏನೂ ಇರಲಿಲ್ಲ.

ಆಮೇಲೆ ಆಚಾರ್ರಿಗೆ ಕಣ್ಣಿನ ಪೊರೆ, ಆಪರೇಷನ್ನು.
ಹತ್ತೊಂಬತ್ತು ಮಕ್ಕಳು ಕಟ್ಟೆ ಮೇಲೆ ಸಾಲಾಗಿ.
"ಹೋಗ್ರೋ ಮನೆಗೆ" ಅಂದ್ರೆ ಕದಲಲಿಲ್ಲ.
ಏಳನೇ ಕ್ಲಾಸಿನ ಐಮನ್ ನನ್ನೇ ನೋಡ್ತಾ ಕೇಳಿದ್ಲು:
"ಅಜ್ಜಿ, ತಕ್ಕಡಿ ಇಲ್ದೆ ಬೇಳೆ ಹೆಂಗೆ ಹಾಕ್ತೀಯ?"

ಹೆಂಗೆ ಅಂದ್ರೆ? ಹಂಗೇ.
ಹಿಡಿ ತುಂಬ್ತದೆ, ಕೈ ಸಾಕು ಅಂತದೆ.
"ಕೈ ಹೆಂಗೆ ಅಂತದೆ?"
ಅದಕ್ಕೆ ನನ್ನತ್ರ ಮಾತಿರಲಿಲ್ಲ. ಕೈ ಇತ್ತು. ಚಾಚಿದೆ.

ಆಚಾರ್ರ ಚೀಲದಲ್ಲಿದ್ದ ಸತ್ತ ತಕ್ಕಡಿಗೆ
ಗಗನ ಮೂರು ದಿನ ಕೂತು ಜೀವ ಕೊಟ್ಟ.
ಅಲ್ಲಿಂದ ದಿನಾ ಬೇಳೆ ಬೇಯಕ್ಕೆ ಮುಂಚೆ ಹಾಜರು.
ಅರವತ್ತಾರು ಗ್ರಾಂ. ಅರವತ್ತೈದು. ಮತ್ತೆ ಅರವತ್ತಾರು.
"ಅಜ್ಜಿ ಮಿಷಿನ್ನು ಕಣ್ರೋ!"
ನಾಚಿಕೆ ಆಯ್ತು. ಸುಳ್ಳ್ಯಾಕೆ, ಖುಷಿನೂ ಆಯ್ತು.
ಚೌಕಳಿ ಹಾಳೆ ಮೇಲೆ ಐಮನ್ ದಿನಕ್ಕೊಂದು ಚುಕ್ಕಿ ಇಟ್ಲು,
ರಂಗೋಲಿ ಹಾಕೋರಂಗೆ, ನಾಲಿಗೆ ಕಚ್ಚಿಕೊಂಡು.

ಎರಡು ತಿಂಗಳಾದ ಮೇಲೆ ಚುಕ್ಕಿ ಸೇರಿಸಿದ್ಲು.
ಗೆರೆ ಜಾರ್ತಾ ಬಂತು, ಎದ್ದು ನಿಂತಿತು, ಮತ್ತೆ ಜಾರ್ತು.
"ತಿಂಗಳ ಕೊನೇಲಿ ನಿನ್ನ ಹಿಡಿ ಸಣ್ಣಗಾಯ್ತದೆ, ಅಜ್ಜಿ."

ಮೈ ಉರೀತು. ಒಂದು ಕಾಳು
ಸೆರಗಿಗೆ ಕಟ್ಟಿದೋಳಲ್ಲ ನಾನು, ದೇವರಾಣೆ!
ಅವಳು ಹೆದರಲಿಲ್ಲ. ಉಗ್ರಾಣದ ಚೀಲ ಬಗ್ಗಿಸಿ ತೋರಿಸಿದ್ಲು.
"ಇದರ ತಳ ಕಂಡ ದಿನದಿಂದ. ನೋಡು.
ನೀನಲ್ಲ ಅಜ್ಜಿ. ಕೈ."

ರಾತ್ರಿ ಗೋಡೆಗೆ ಒರಗಿ ಕೂತು ಕೈ ನೋಡಿಕೊಂಡೆ.
ಏಳು ಜನರ ಮನೆಗೆ ಹಿರೇ ಮಗಳು ನಾನು.
ರಾಗಿ ಮಡಕೆ ಕೆರೆಯೋ ಸದ್ದು ಕಿವಿ ಮರೆತಿತ್ತು.
ಕೈ ಮರೆತಿರಲಿಲ್ಲ.

ಆಚಾರ್ರು ಕಪ್ಪು ಕನ್ನಡಕ ಹಾಕಿ ವಾಪಸ್ ಬಂದ್ರು,
ಹಾಳೇನ ಮೂಗಿಗೆ ಹಿಡಿದು ನೋಡಿದ್ರು,
"ಇದನ್ನ ನಾನು ಹೇಳಿಕೊಟ್ಟಿಲ್ವಲ್ಲ" ಅಂದ್ರು.
ಯಾರೂ ಉತ್ತರ ಕೊಡಲಿಲ್ಲ. ಫ್ಯಾನು ಬಿಚ್ಚೋ ಗಲಾಟೆ.

ಇವತ್ತು ಇಪ್ಪತ್ತೇಳು. ಚೀಲ ಮುದುಡಿಕೊಂಡದೆ.
ಹಿಡಿ ಎತ್ತಿದೆ, ತಡೆದೆ, ಇನ್ನಷ್ಟು ತುಂಬಿದೆ.
ಪಕ್ಕದಲ್ಲಿ ಪೆನ್ಸಿಲ್ ಹಿಡಿದ ಐಮನ್ ಚೀರಿದ್ಲು:
"ನೋಡಿಕೊಂಡು ಹಾಕಬೇಡ ಅಜ್ಜಿ, ಲೆಕ್ಕ ಕೆಡ್ತದೆ!"

"ಕೆಡಲಿ" ಅಂದೆ.
ಕುದಿಯೋ ನೀರಿಗೆ ಇನ್ನೊಂದು ಹಿಡಿ.